ಕಂಬಿ, ಸೆಂಟ್ರಿಂಗ್, ಟೈಲ್ಸ್: ಬಳ್ಳಾರಿ ಕಡೆ ಹೊಸಬರು ಯಾವ ಕೆಲಸ ಹಿಡಿಯಬೇಕು?

ಕಂಬಿ ಕೆಲಸ ಕಲೀರಿ, ಅಂದರೆ ಕಾಂಕ್ರೀಟಿನೊಳಗಿನ ಕಂಬಿ ಬಗ್ಗಿಸಿ ಕಟ್ಟುವುದು. ಬಳ್ಳಾರಿ, ಕೊಪ್ಪಳದ ಕಡೆ ಕಟ್ಟಡದ ಕೆಲಸಕ್ಕೆ ಇಳಿಯುವ ಹುಡುಗರಿಗೆ, ಮೂರಕ್ಕೂ ಕೈ ಹಾಕಿ ನೋಡಿದ ಮೇಲೆ, ನಾನು ಹೇಳುವುದು ಇಷ್ಟೇ. ಬಿಸಿಲೊಂದನ್ನು ತಡೆದುಕೊಂಡರೆ ಸಾಕು.

ಟೈಲ್ಸ್ ನೆರಳಿನ ಕೆಲಸ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಅದೇನು ಸಣ್ಣ ಸುಖವಲ್ಲ. ಚದರಡಿ ಲೆಕ್ಕವಾದ್ದರಿಂದ ತಕರಾರೂ ಕಮ್ಮಿ. ಆದರೆ ಟೈಲ್ಸ್‌ನವನು ಒಳಗೆ ಕಾಲಿಡುವ ಹೊತ್ತಿಗೆ ಮನೆ ಮಾಲೀಕರ ಸಾಲದ ದುಡ್ಡು ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಪಾಯದ ಹಂತದಲ್ಲಿ ಬರುವ ಕಂಬಿಯವನಿಗೆ ಬಿಲ್ಲು ಬೇಗ ಪಾಸಾಗುತ್ತದೆ. ಟೈಲ್ಸ್‌ನವನು ಗೃಹಪ್ರವೇಶ ಮುಗಿದರೂ ಬಾಕಿಗೆ ಅಲೆಯುತ್ತಾನೆ. ಮೊಣಕಾಲು ನೋವು, ಕಟರ್ ಧೂಳು ಬೇರೆ.

ಸೆಂಟ್ರಿಂಗ್ ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಹಿಡಿದಿಡುವ ಅಚ್ಚು, ಆಸರೆ ಕಟ್ಟುವ ಕೆಲಸ. ಕೂಲಿಗೆ ಹೋಗುವುದಾದರೆ ಅಡ್ಡಿಯಿಲ್ಲ. ಗುತ್ತಿಗೆ ಹಿಡಿಯಬೇಕೆಂದರೆ ಶೀಟು, ಜಾಕಿ ಎಲ್ಲಕ್ಕೂ ಬಂಡವಾಳ ಬೇಕು, ಆ ಬಂಡವಾಳ ಸ್ಲ್ಯಾಬಿನ ಕೆಳಗೇ ಸಿಕ್ಕಿಕೊಂಡಿರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ, 6 ಮೀಟರ್ ದಾಟಿದ ಬೀಮಿಗೆ 21 ದಿನ ಆಸರೆ ತೆಗೆಯುವಂತಿಲ್ಲ. ಬಾಡಿಗೆ ಸಾಮಾನು ತಂದವನಿಗೆ ಇದು ದಿನದಿನದ ಖರ್ಚು.

ಕಂಬಿಗೆ ಬೇಕಾದದ್ದು ಹುಕ್, ಬಗ್ಗಿಸುವ ಚಾವಿ, ಟೇಪು, ಸೀಮೆಸುಣ್ಣ, ಒಂದು ಜೊತೆ ಗ್ಲೌಸ್. ತೊಡಕು ಒಂದೇ, ಆದರೆ ದೊಡ್ಡದು: ಟನ್ ಲೆಕ್ಕ, ಅಂದರೆ ಕಟ್ಟಿದ ಕಂಬಿಯ ತೂಕದ ಮೇಲೆ ಕೂಲಿ.

ಕಂಬಿಯ ದಪ್ಪವನ್ನು ಎಂಎಂನಲ್ಲಿ ಹಿಡಿದು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 20 ಎಂಎಂ ಕಂಬಿ ಮೀಟರಿಗೆ 2.47 ಕಿಲೋ, 12 ಮೀಟರ್ ಉದ್ದದ 34 ಕಂಬಿ ಕಟ್ಟಿದರೆ ಒಂದು ಟನ್ ಮುಗಿಯಿತು. 8 ಎಂಎಂ ಮೀಟರಿಗೆ 0.395 ಕಿಲೋ ಮಾತ್ರ. ಒಂದು ಟನ್ ಅಂದರೆ 2,500 ಮೀಟರಿಗೂ ಮೇಲೆ. 9×12 ಇಂಚಿನ ಬೀಮಿನಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿಗೆ ಸುಮಾರು ಒಂದು ಮೀಟರ್ ಹೋಗುತ್ತದೆ. ಅಲ್ಲಿಗೆ 2,500 ರಿಂಗು, ಒಂದೊಂದಕ್ಕೆ ಐದು ಬಗ್ಗು, ಆಮೇಲೆ ಕಟ್ಟುವುದು. ಎರಡಕ್ಕೂ ಟನ್ನಿಗೆ ಒಂದೇ ರೇಟು ಒಪ್ಪಿಕೊಂಡರೆ ಮನೆ ಕೆಲಸದಲ್ಲಿ ಗ್ಯಾಂಗಿನ ಕೂಲಿಯೂ ಹುಟ್ಟುವುದಿಲ್ಲ. 8 ಮತ್ತು 10 ಎಂಎಂಗೆ ಒಂದು ರೇಟು, ಮೇಲಿನವಕ್ಕೆ ಇನ್ನೊಂದು ಎಂದು ಮೊದಲೇ ಬರೆಸಿಕೊಳ್ಳಿ.

ಇನ್ನೊಂದು ಜಗಳ ತೂಕದ್ದು. ಕಂಬಿಯ ಮಾನಕವಾದ ಐಎಸ್ 1786ರಲ್ಲಿ 10 ಎಂಎಂವರೆಗಿನ ಕಂಬಿಗೆ ಶೇ 7ರಷ್ಟು ಹೆಚ್ಚುಕಮ್ಮಿಗೆ ಅವಕಾಶವಿದೆ. ಅಳತೆ ಹಿಡಿದು ಲೆಕ್ಕ ಹಾಕಿದರೆ ಒಂದು ಟನ್ ಬಂದದ್ದು ಲೋಡು ತೂಗಿಸಿದ ಕಾಟಾ ಚೀಟಿಯಲ್ಲಿ 930 ಕಿಲೋ ಇರಬಹುದು. ಅತ್ತ ಚೀಟಿಯ ತೂಕದಲ್ಲಿ ಉಳಿದ ತುಂಡುಗಳೂ ಸೇರಿರುತ್ತವೆ. ಯಾವುದರ ಮೇಲೆ ಬಿಲ್ಲು ಎಂಬುದು ಮೊದಲ ಲೋಡು ಇಳಿಯುವ ಮುಂಚೆ ತೀರ್ಮಾನವಾಗಬೇಕು.

ಟನ್ ಬಿಟ್ಟು ಚದರದ ಲೆಕ್ಕಕ್ಕೆ, ಅಂದರೆ ಕಟ್ಟಡದ ವಿಸ್ತೀರ್ಣದ ಮೇಲೆ ಕೂಲಿಗೆ, ಒಪ್ಪುವವರು ಸಂಪು, ಮೆಟ್ಟಿಲು, ಸಜ್ಜಾ ಒಳಗೋ ಹೊರಗೋ ಕೇಳಿಕೊಳ್ಳಲಿ.

ರಿಂಗಿನ ಕೊಕ್ಕೆ 135 ಡಿಗ್ರಿ ಬಗ್ಗಿರಲಿ. 90ಕ್ಕೆ ನಿಲ್ಲಿಸಿದರೆ ಕಾಂಕ್ರೀಟಿನ ಹೊರಪದರ ಕಳಚಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ. ಎಂಜಿನಿಯರ್ ನೋಡಿ ವಾಪಸ್ ಮಾಡಿದರೆ ಮತ್ತೆ ಬಗ್ಗಿಸುವ ಕೂಲಿ ಯಾರೂ ಕೊಡುವುದಿಲ್ಲ.

ಇಷ್ಟಿದ್ದೂ ಕಂಬಿಯೇ ಏಕೆ? ಕಾರ್ಖಾನೆಗಳಿರುವ ತೋರಣಗಲ್ಲು, ಕುಡಿತಿನಿ, ಗಿಣಿಗೇರಿಯಂಥ ಕಡೆ ಯಂತ್ರದ ಪಾಯಗಳಿಗೆ ಬೀಳುವುದು 25, 32 ಎಂಎಂ ಕಂಬಿ. 32ರ ಒಂದು ಕಂಬಿಯೇ 75 ಕಿಲೋ ದಾಟುತ್ತದೆ. ಬೆನ್ನಿಗೆ ಕಷ್ಟ, ಆದರೆ ಟನ್ ಲೆಕ್ಕ ಅಲ್ಲಿ ಕೂಲಿಯವನ ಪರ. ಕಾರ್ಖಾನೆ ಒಳಗಿನ ಕೆಲಸವಾದರೆ ಗೇಟ್ ಪಾಸಿಗೆ ವೈದ್ಯಕೀಯ ತಪಾಸಣೆ, ಸುರಕ್ಷತಾ ತರಬೇತಿ ಎಂದು ಮೊದಲ ಕೆಲವು ದಿನ ಖಾಲಿ ಹೋಗುತ್ತವೆ, ಅಷ್ಟಕ್ಕೆ ಕೈಯಲ್ಲಿ ಖರ್ಚಿಟ್ಟುಕೊಂಡು ಹೋಗಿ. ಪಿಎಫ್ ನಂಬರ್ ಹಳೆಯದೇ ಮುಂದುವರಿಸಿ. ಜೊತೆಗೆ ಡ್ರಾಯಿಂಗ್ ಓದಿ ಕಂಬಿಯ ಪಟ್ಟಿ ತಯಾರಿಸಲು ಬಂದರೆ ಮೇಸ್ತ್ರಿಯಾಗಲು ಬಂಡವಾಳವೇ ಬೇಡ. ಸೆಂಟ್ರಿಂಗ್‌ನಲ್ಲಿ ಈ ದಾರಿ ಇಲ್ಲ.

ಬಿಸಿಲು ಆಗುವುದೇ ಇಲ್ಲ ಎನ್ನುವವರು ಟೈಲ್ಸ್‌ಗೆ ಹೋಗಲಿ, ಅರ್ಧ ಹಣ ಮುಂಗಡ ಹಿಡಿದು. ಯಾವುದಕ್ಕೆ ಹೋದರೂ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್‌ಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ತೋರಿಸಬೇಕು. ಗ್ಯಾಂಗು ಬದಲಿಸುವ ದಿನವೇ ಮಾಡಿದ ದಿನಗಳ ಲೆಕ್ಕಕ್ಕೆ ಹಳೆಯ ಗುತ್ತಿಗೆದಾರರ ಸಹಿ ಹಾಕಿಸಿಕೊಳ್ಳಿ, ಆಮೇಲೆ ಅವರು ಫೋನ್ ಎತ್ತುವುದಿಲ್ಲ.