ಹಾಲೂಡಿಸುವ ತಾಯಂದಿರ ಪ್ರೊಜೆಸ್ಟಿನ್ ಮಾತ್ರೆ: ಎಂಟು ತಿಂಗಳು ಬಳಸಿದ ಮೇಲೆ

ಎರಡನೆಯ ಹೆರಿಗೆಯಾಗಿ ಎರಡು ತಿಂಗಳು ತುಂಬಿದಾಗ ದಾವಣಗೆರೆಯ ನಮ್ಮ ಸ್ತ್ರೀರೋಗ ತಜ್ಞೆಯವರು 75 ಮೈಕ್ರೊಗ್ರಾಂ ಡೆಸೊಜೆಸ್ಟ್ರೆಲ್ (ಪ್ರೊಜೆಸ್ಟಿನ್ ಎಂಬ ಬಗೆಯ ಹಾರ್ಮೋನು) ಇರುವ ಗರ್ಭನಿರೋಧಕ ಮಾತ್ರೆಯನ್ನು ನನಗೆ ಬರೆದುಕೊಟ್ಟರು. ನಾನು ಕೇಳಿದ್ದು ಮಾಲಾ-ಎನ್ ಎಂಬ ಇನ್ನೊಂದು ಗರ್ಭನಿರೋಧಕ ಮಾತ್ರೆ. ಅದರಲ್ಲಿ ಈಸ್ಟ್ರೋಜೆನ್ ಸಹ ಇರುವುದರಿಂದ ಹಾಲೂಡಿಸುವವರಿಗೆ ಮೊದಲ ಆರು ತಿಂಗಳು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲವೆಂದೂ, ಪ್ರೊಜೆಸ್ಟಿನ್ ಒಂದೇ ಇರುವ ಈ ಮಾತ್ರೆ ಹಾಲಿಗೆ ತೊಂದರೆ ಮಾಡುವುದಿಲ್ಲವೆಂದೂ ಅವರು ಬಿಡಿಸಿ ಹೇಳಿದರು. ಚೀಟಿ ಬರೆಯುವ ಮೊದಲು ಸ್ತನ ಕ್ಯಾನ್ಸರ್, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇವುಗಳ ಬಗ್ಗೆ ಒಂದೊಂದಾಗಿ ವಿಚಾರಿಸಿದರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಔಷಧಿಗಳು ಈ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆಯಾದ್ದರಿಂದ ಅವನ್ನೂ ಕೇಳಿ ತಿಳಿದುಕೊಂಡರು.

ಬೇಸರವಾದದ್ದು ಔಷಧಿ ಅಂಗಡಿಯಲ್ಲಿ. ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ ಅಂಗಡಿಯವರು "ಇಪ್ಪತ್ತೊಂದು ದಿನ ತಗೊಂಡು ಏಳು ದಿನ ಬಿಡ್ರಿ ಅಕ್ಕ" ಎಂದರು. ಇದು ತಪ್ಪು, ಅಪಾಯದ ತಪ್ಪು. ಪಟ್ಟಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತಿಟ್ಟ, ಸಾಸಿವೆಗಿಂತ ತುಸುವೇ ದೊಡ್ಡದೆನಿಸುವ 28 ಬಿಳಿ ಮಾತ್ರೆಗಳಿದ್ದು, ಎಲ್ಲದರಲ್ಲೂ ಔಷಧಿಯಿದೆ. ಒಂದು ಪಟ್ಟಿ ಮುಗಿದ ಮರುದಿನವೇ ಮುಟ್ಟಾಗಿದ್ದರೂ ಮುಂದಿನದನ್ನು ಆರಂಭಿಸಬೇಕು. ಒಳಗಿನ ಮಡಿಕೆ ಕಾಗದವನ್ನು ಓದದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ.

ಈ ಮಾತ್ರೆಗೆ ಗಡಿಯಾರವೇ ಮುಖ್ಯ. ನಾನು ರಾತ್ರಿ 9 ಗಂಟೆಗೆ, ಮಗುವನ್ನು ಮಲಗಿಸುವ ಹೊತ್ತಿಗೆ, ಮೊಬೈಲಿನ ಅಲಾರಂ ಇಟ್ಟುಕೊಂಡು ತೆಗೆದುಕೊಳ್ಳುತ್ತೇನೆ. ಡೆಸೊಜೆಸ್ಟ್ರೆಲ್‌ಗೆ ತಡವಾದರೆ 12 ಗಂಟೆಗಳವರೆಗೆ ಸಡಿಲಿಕೆಯುಂಟು; ಹಳೆಯ ಬಗೆಯ ಪ್ರೊಜೆಸ್ಟಿನ್ ಮಾತ್ರೆಗಳಿಗೆ ಬರೀ 3 ಗಂಟೆ. ಚಿತ್ರದುರ್ಗದ ಮದುವೆಗೆ ಹೋದಾಗ ಪಟ್ಟಿಯನ್ನು ಮನೆಯಲ್ಲೇ ಮರೆತು, ಮರುದಿನ ಮಧ್ಯಾಹ್ನ ಊರು ಸೇರಿದ ಕೂಡಲೇ ಬಿಟ್ಟಿದ್ದನ್ನು ನುಂಗಿ, ರಾತ್ರಿಯದನ್ನು ಎಂದಿನ ಹೊತ್ತಿಗೇ ತೆಗೆದುಕೊಂಡೆ. 12 ಗಂಟೆ ಮೀರಿದ್ದರಿಂದ ಕಾಗದದಲ್ಲಿ ಹೇಳಿದಂತೆ ಏಳು ದಿನ ಕಾಂಡೋಮ್ ಬಳಸಿ, ವೈದ್ಯರಿಗೂ ಫೋನಿನಲ್ಲಿ ತಿಳಿಸಿದೆ. ನುಂಗಿದ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೂ ಮಾತ್ರೆ ತಪ್ಪಿದಂತೆಯೇ ಲೆಕ್ಕ.

ಮೊದಲ ಮೂರು ತಿಂಗಳು ಹೊತ್ತುಗೊತ್ತಿಲ್ಲದ ರಕ್ತದ ಕಲೆಗಳು ನನ್ನನ್ನು ಬಹಳ ಕಾಡಿದವು. ನಂತರ ಮುಟ್ಟೇ ನಿಂತಿತು. ಎರಡೂ ಈ ಮಾತ್ರೆಯಲ್ಲಿ ಸಾಮಾನ್ಯ. ಆದರೆ ಕೆಳಹೊಟ್ಟೆಯಲ್ಲಿ ತೀವ್ರ ನೋವು ಬಂದರೆ ಗರ್ಭಕೋಶದ ಹೊರಗೆ ಬಸಿರು ನಿಂತಿರುವ ಸಂಭವವಿರುವುದರಿಂದ ಕಾಯದೆ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿಯಂಥ ಸೋಂಕುಗಳನ್ನು ಇದು ತಡೆಯುವುದಿಲ್ಲ.

ನನ್ನ ಮಟ್ಟಿಗೆ ಇದು ಒಳ್ಳೆಯ ಮಾತ್ರೆ, ಹಾಲಿಗೆ ಕೊರತೆಯಾಗಲಿಲ್ಲ. ಸಮಯ ಪಾಲಿಸುವುದು ಕಷ್ಟವಾಗುವವರು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬಹುದು. ಎಲ್ಲ ಅಂಗಡಿಗಳಲ್ಲೂ ಈ ಮಾತ್ರೆ ಸಿಗದ ಕಾರಣ ನಾನು ಪಟ್ಟಿಯಲ್ಲಿ ಇನ್ನೂ ಒಂದು ವಾರದ ಮಾತ್ರೆಗಳು ಉಳಿದಿರುವಾಗಲೇ ಮುಂದಿನದನ್ನು ತಂದಿಡುತ್ತೇನೆ.