ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್: ಕೊಟ್ಟ ದುಡ್ಡಿಗೆ ಏನು ಸಿಗಬೇಕು, ಏನು ಸಿಗುತ್ತಿದೆ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕರೆಂಟಿನ ಕೆಲಸಕ್ಕೆ ಮೂರು ಥರದವರು ಸಿಗುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯವರನ್ನು ಕೇಳಿದರೆ ನಂಬರ್ ಕೊಡುವ, ಕರೆದ ಕೂಡಲೇ ಬರುವ ಏರಿಯಾದ ವೈರ್‌ಮನ್. ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಯೂನಿಫಾರ್ಮ್ ತೊಟ್ಟು ಬರುವ ಹುಡುಗ. ಮೂರನೆಯವರು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರು. ಇವರ ಬಿಲ್ಲು ಮೊದಲಿಬ್ಬರದಕ್ಕಿಂತ ದೊಡ್ಡದು, ಕರೆದ ದಿನವೇ ಬರುವುದೂ ಅಪರೂಪ. ಆ ಹೆಚ್ಚಿನ ದುಡ್ಡು ಸಾರ್ಥಕವೇ?

ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್, ಕಾಲಿಂಗ್ ಬೆಲ್‌ಗೆ ಅಲ್ಲ. ಡಿಬಿ (ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆ) ಬದಲಿಸುವುದು, ಹೊಸ ಲೈನ್ ಎಳೆಯುವುದು, ಅರ್ಥಿಂಗ್, ಲೋಡ್ ಹೆಚ್ಚಿಸುವುದು, ಅಂಗಡಿಗೆ ತ್ರೀ ಫೇಸ್ ತರುವುದು, ಇವಕ್ಕೆ ಹೌದು. ಕಾನೂನೂ ಗೆರೆ ಎಳೆದಿರುವುದು ಹೆಚ್ಚು ಕಡಿಮೆ ಇಲ್ಲಿಯೇ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸುವುದಕ್ಕೆ ವಿನಾಯಿತಿ ಇದೆ. ಹೊಸ ವೈರಿಂಗ್, ಸೇರ್ಪಡೆ, ಮಾರ್ಪಾಡುಗಳನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ, ಅರ್ಹ ಸೂಪರ್‌ವೈಸರ್ ಕೈಕೆಳಗೆ, ಪರ್ಮಿಟ್ ಇರುವ ವೈರ್‌ಮನ್‌ಗಳಿಂದ ಮಾಡಿಸಬೇಕು.

ಅಂದರೆ ಇರುವುದು ಒಂದೇ ಕಾಗದವಲ್ಲ. ವೈರ್‌ಮನ್ ಪರ್ಮಿಟ್ ಬೇರೆ, ಸೂಪರ್‌ವೈಸರ್ ಪರ್ಮಿಟ್ ಬೇರೆ, ಗುತ್ತಿಗೆದಾರರ ಲೈಸೆನ್ಸ್ ಬೇರೆ. 'ಸಾರ್, ನನ್ ಹತ್ರ ಲೈಸೆನ್ಸ್ ಇದೆ' ಎಂದವರು ತೋರಿಸುವುದು ಎಷ್ಟೋ ಸಲ ವೈರ್‌ಮನ್ ಪರ್ಮಿಟ್ಟನ್ನು. ಅದು ಕೆಲಸ ಬಲ್ಲವರೆಂಬುದಕ್ಕೆ ದಾಖಲೆ ಹೌದು. ಆದರೆ ಕೆಲಸ ಮುಗಿದ ಮೇಲೆ ಬೆಸ್ಕಾಂಗೆ ಕೊಡುವ ಕಂಪ್ಲೀಷನ್ ರಿಪೋರ್ಟಿಗೆ ವೈರ್‌ಮನ್ ಸಹಿ ನಡೆಯದು. ಲೈಸೆನ್ಸ್ ಪ್ರತಿ ಕೇಳಿ, ಅವಧಿ ಮುಗಿದಿಲ್ಲವೇ ನೋಡಿ, ದರ್ಜೆ ನಿಮ್ಮ ಲೋಡಿಗೆ ಸಾಲುತ್ತದೆಯೇ ಎಂದು ಕೇಳಿ. ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆಯವರನ್ನು ಹುಡುಕುವುದೇ ವಾಸಿ.

ಈ ಸೇವೆಯ ದೊಡ್ಡ ಹುಳುಕು ಬೇರೆಯೇ ಇದೆ. ಕೆಲಸ ಮಾಡುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ಗೋಡೆ ಕಡಿದು ಪೈಪ್ ಹಾಕಿ ವೈರ್ ಎಳೆಯುವುದೆಲ್ಲ ಏರಿಯಾದ ವೈರ್‌ಮನ್ ಕೈಯಲ್ಲಿ. ಕೊನೆಗೆ ಮೀಟರ್ ಕೂರಿಸುವ ಹೊತ್ತಿಗೆ ಯಾರೋ ಗುತ್ತಿಗೆದಾರರ ಸೀಲು, ಸಹಿ ಬರುತ್ತದೆ. ಅವರು ಮನೆಯ ಹೊಸ್ತಿಲನ್ನೂ ತುಳಿದಿರುವುದಿಲ್ಲ. ರಿಪೋರ್ಟಿನಲ್ಲಿ ಇನ್ಸುಲೇಷನ್ ಇಷ್ಟು, ಅರ್ಥ್ ಇಷ್ಟು ಎಂಬ ಅಂಕಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಹೀಗೆ ಕೊಂಡ ಸಹಿಯಿಂದ ಕರೆಂಟು ಬರಬಹುದು, ಸುರಕ್ಷತೆ ಬರುವುದಿಲ್ಲ. ಆದ್ದರಿಂದ ಮೊದಲ ಮಾತುಕತೆಯಲ್ಲೇ ಹೇಳಿಬಿಡಿ: ಟೆಸ್ಟ್ ನಮ್ಮೆದುರಿಗೇ ಆಗಬೇಕು, ಟೆಸ್ಟ್ ಮೀಟರಿನ ಮುಳ್ಳು ತೋರಿಸಿದ ಅಂಕಿಯನ್ನೇ ಬರೆಯಬೇಕು, ಬಾಕಿ ಹಣ ಆಮೇಲೆ.

ಒಳ್ಳೆಯ ಗುತ್ತಿಗೆದಾರರು ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆಯುವುದಿಲ್ಲ, ಕರೆಂಟ್ ಬಿಲ್ಲು ಕೇಳುತ್ತಾರೆ. ಕನೆಕ್ಷನ್ನಿನ ಆರ್‌ಆರ್ ನಂಬರ್, ಮಂಜೂರಾದ ಲೋಡ್ (ಬೆಸ್ಕಾಂ ಒಪ್ಪಿದ ಮಿತಿ) ಎರಡೂ ಅದರಲ್ಲೇ ಅಚ್ಚಾಗಿರುತ್ತವೆ. ಆಮೇಲೆ ಮನೆಯ ಸಾಮಾನಿನ ಪಟ್ಟಿ: 2 ಕಿಲೋವಾಟ್ ಗೀಸರ್ ಎಂದರೆ 230 ವೋಲ್ಟ್‌ಗೆ ಸುಮಾರು 8.7 ಆಂಪಿಯರ್, 3 ಕಿಲೋವಾಟ್‌ನದು 13. ಇಂಡಕ್ಷನ್ ಒಲೆ, ಸಂಪಿನ ಮೋಟರ್, ಎಸಿ ಎಲ್ಲ ಕೂಡಿದರೆ 3 ಕಿಲೋವಾಟ್ ಮಂಜೂರಾದ ಹಳೆಯ ಮನೆ ಬೆಳಗ್ಗೆ ಏಳು ಗಂಟೆಗೆ ಎಷ್ಟು ಎಳೆಯುತ್ತದೆ ಎಂಬುದು ಕಾಗದದ ಮೇಲೆಯೇ ಕಾಣುತ್ತದೆ. ಕಾರಿಗೆ 7.4 ಕಿಲೋವಾಟ್ ಚಾರ್ಜರ್ ಹಾಕುವ ಆಸೆಯಿದ್ದರೆ ಅದೊಂದೇ 32 ಆಂಪಿಯರ್, ಅದೂ ಗಂಟೆಗಟ್ಟಲೆ. ಹಾಲಿನ ಪ್ಲಗ್ಗಿಂದ ಎಳೆದುಕೊಡುತ್ತೇನೆ ಎಂದವರನ್ನು ಅಲ್ಲಿಂದಲೇ ಕಳಿಸಿಬಿಡಿ. ಅದಕ್ಕೆ ಡಿಬಿಯಿಂದ ನೇರ ಬೇರೆ ಲೈನ್, ಬೇರೆ ರಕ್ಷಣೆ, ಬೆಸ್ಕಾಂನಿಂದ ಹೆಚ್ಚುವರಿ ಲೋಡ್ ಮೂರೂ ಬೇಕು.

ವೈರಿನ ಲೆಕ್ಕದಲ್ಲಿ ಹೆಚ್ಚಿನವರು ತಪ್ಪುವುದಿಲ್ಲ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಪ್ಲಗ್ಗಿಗೆ 2.5, ಎಸಿ ಮತ್ತು ದೊಡ್ಡ ಗೀಸರಿಗೆ 4, ಮೀಟರಿನಿಂದ ಡಿಬಿಗೆ ಲೋಡ್ ನೋಡಿಕೊಂಡು 6 ಅಥವಾ 10. ತಪ್ಪುವುದು ದೂರದ ಲೆಕ್ಕ. ಡಿಬಿಯಿಂದ 30 ಮೀಟರ್ ಆಚೆಯ ಪ್ಲಗ್ಗಿನಲ್ಲಿ 15 ಆಂಪಿಯರ್ ಎಳೆದರೆ 2.5ರ ತಾಮ್ರದ ವೈರಿನಲ್ಲಿ ಹೋಗಿ ಬರುವಷ್ಟರಲ್ಲಿ ಆರೇಳು ವೋಲ್ಟ್ ಬೀಳುತ್ತದೆ; 1.5 ಹಾಕಿದ್ದರೆ ಸುಮಾರು 11. ಬೇಸಿಗೆಯಲ್ಲಿ ಕಂಬದಿಂದಲೇ 210 ಬರುವ ಬೀದಿಯಲ್ಲಿ ಇದು ಮೋಟರಿನ ಪ್ರಾಣ ಹಿಂಡುತ್ತದೆ. ವೈರಿನ ಕಾಯಿಲ್ (ಸುರುಳಿ) ಮೇಲೆ ಗುಣಮಟ್ಟದ ಗುರುತಾದ ಐಎಸ್ 694 ಮತ್ತು ತಯಾರಕರ ಲೈಸೆನ್ಸ್ ಸಂಖ್ಯೆಯಾದ ಸಿಎಂ/ಎಲ್ ನಂಬರ್ ಇರಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಕಾಯಿಲ್ ಸಾಮಾನ್ಯವಾಗಿ 90 ಮೀಟರ್. ಉಳಿದ ತುಂಡುಗಳು ನಿಮ್ಮವೇ. ಕೇಳಲು ಸಂಕೋಚ ಬೇಡ, ತಾಮ್ರದ ರೇಟು ಎಲ್ಲರಿಗೂ ಗೊತ್ತು.

ವೈರಿಗಿಂತ ಹೆಚ್ಚು ಸುಡುವುದು ಜೋಡಣೆ. 15 ಆಂಪಿಯರ್ ಹರಿಯುವ ಲೂಸ್ ಸ್ಕ್ರೂವಿನಲ್ಲಿ ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ ಅಲ್ಲಿ 22 ವಾಟ್ ಶಾಖ ಹುಟ್ಟುತ್ತದೆ. ಗೀಸರ್ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿ ಕರಗುವುದು ಬಹುಮಟ್ಟಿಗೆ ಇದರಿಂದಲೇ. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಯೇ ಇಲ್ಲ. 'ಎಂಸಿಬಿ ಟ್ರಿಪ್ ಆಗ್ತಿದೆ, 16ರದ್ದು ತೆಗೆದು 32 ಹಾಕ್ತೀನಿ' ಎನ್ನುವ ಪರಿಹಾರ ಇದಕ್ಕಿಂತ ಕೆಟ್ಟದ್ದು. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. 2.5ರ ವೈರಿಗೆ 32 ಹಾಕಿದ ಮೇಲೆ ಅದನ್ನು ಕಾಯುವವರು ಯಾರೂ ಇಲ್ಲ.

ಈಗ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಗುಂಡಿಯಲ್ಲಿ ಹೂತ ಪೈಪಿನ ಮೂಲಕ ನೆಲಕ್ಕಿಳಿಸುವ ಏರ್ಪಾಡು. ಮೂರೂ ಥರದವರ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ.

ಫೇಸಿಗೂ ಅರ್ಥಿಗೂ 100 ವಾಟ್ ಬಲ್ಬು ಹಿಡಿದು, 'ನೋಡಿ, ಫುಲ್ ಉರೀತಿದೆ, ಅರ್ಥ್ ಸೂಪರ್' ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಆ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಅರ್ಥಿನ ತಡೆ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕು ಅದು ಝಗಮಗ ಉರಿಯುತ್ತದೆ. ಅದೇ 50 ಓಮ್ ಅರ್ಥಿಗೆ ಗೀಸರಿನ ಫೇಸ್ ತಗುಲಿದರೆ ಹರಿಯುವುದು ನಾಲ್ಕೂವರೆ ಆಂಪಿಯರ್. 16ರ ಎಂಸಿಬಿ ಅಲುಗುವುದೂ ಇಲ್ಲ, ನಲ್ಲಿಯ ತುಂಬ ಕರೆಂಟು. ಸರಿಯಾದ ಪರೀಕ್ಷೆಗೆ ಅರ್ಥ್ ಟೆಸ್ಟರ್ ಬೇಕು. ಮೇನ್ ಆಫ್ ಮಾಡಿ, ಗುಂಡಿಯ ಪೈಪಿನಿಂದ ಮನೆಯ ಅರ್ಥ್ ವೈರ್ ಬಿಚ್ಚಿ, ದೂರದಲ್ಲಿ ಎರಡು ಸಲಾಕೆ ನೆಟ್ಟು ಅಳೆಯಬೇಕು. ಸೈಟಿನ ತುಂಬ ಕಾಂಕ್ರೀಟ್ ಇದ್ದು ಸಲಾಕೆ ನೆಡಲು ಜಾಗವಿಲ್ಲದಿದ್ದರೆ ಲೂಪ್ ಟೆಸ್ಟರಿನಿಂದಲೂ ಅಂದಾಜು ಸಿಗುತ್ತದೆ.

5 ಓಮ್ ಒಳಗೆ ಬಂದರೆ ಒಳ್ಳೆಯ ಅರ್ಥ್ ಎನ್ನುತ್ತಾರೆ. ಸರಿ, ಆದರೆ ಅದೂ ಸಾಲದು. 230ನ್ನು 5ರಿಂದ ಭಾಗಿಸಿದರೆ 46 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಬುಡದ ಅರ್ಥಿನ ತಡೆಯೂ ಸೇರಿದರೆ ಇನ್ನೂ ಕಡಿಮೆ. ಸಿ ಕರ್ವ್ ಎಂಬ ಬಗೆಯ 16 ಆಂಪಿಯರ್ ಎಂಸಿಬಿ ತಟ್ಟನೆ ಬೀಳಲು 80ರಿಂದ 160 ಆಂಪಿಯರ್ ಬೇಕು. 46ಕ್ಕೆ ಅದು ಬಿಸಿಯಾಗಿ ಬೀಳುವಷ್ಟರಲ್ಲಿ ಹಲವು ಸೆಕೆಂಡು ಕಳೆದಿರುತ್ತದೆ. ಒದ್ದೆ ಕೈಯಲ್ಲಿ ನಲ್ಲಿ ಹಿಡಿದವರಿಗೆ ಅಷ್ಟು ಹೊತ್ತಿಲ್ಲ. ಅದಕ್ಕೇ 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಲೈನ್ ಕಡಿದುಹಾಕುವ ಆರ್‌ಸಿಸಿಬಿ ಕಡ್ಡಾಯವೆಂದೇ ತಿಳಿಯಿರಿ. ಅರ್ಥಿಂಗ್ ಬದಲಿಗೆ ಆರ್‌ಸಿಸಿಬಿಯಲ್ಲ, ಎರಡೂ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಅದರ ಕೆಲಸವಲ್ಲ, ಅವಕ್ಕೆ ಎಂಸಿಬಿ ಇದ್ದೇ ಇರಬೇಕು.

ಗುಂಡಿ ತೋಡುವಾಗ ಎದುರಿಗೆ ನಿಂತಿರಿ. ಅರ್ಥಿಂಗಿನ ಭಾರತೀಯ ಮಾನಕವಾದ ಐಎಸ್ 3043ರ ಪ್ರಕಾರ ಪೈಪ್ ಅರ್ಥಿಂಗಿಗೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು ಬೇಕು, ತಳಪಾಯದಿಂದ ಒಂದೂವರೆ ಮೀಟರ್ ದೂರವಿರಬೇಕು. ನಾಲ್ಕಡಿಗೆ ಬಂಡೆ ಸಿಕ್ಕಿತೆಂದು ಪೈಪ್ ಕತ್ತರಿಸಿ ಹೂತುಬಿಡುವುದು ಬೆಂಗಳೂರಿನಲ್ಲಿ ನಡೆದೇ ಇದೆ. ಬಂಡೆಯಿದ್ದರೆ ಜಾಗ ಬದಲಿಸಬೇಕು, ಇಲ್ಲವೇ ಎರಡು ಗುಂಡಿ ತೋಡಿ ಎರಡನ್ನೂ ಲೋಹದ ಪಟ್ಟಿಯಿಂದ ಕೂಡಿಸಬೇಕು. ಉಪ್ಪು ಮತ್ತು ಇದ್ದಿಲು ತುಂಬಿದರೆ ಮೊದಲ ವರ್ಷ ಅಂಕಿ ಚೆನ್ನಾಗಿ ಬರುತ್ತದೆ. ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಇದ್ದಷ್ಟು ದಿನ ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸುವುದು ಮೇಲು. ಮಂಗಳೂರು, ಉಡುಪಿಯ ಕಡೆ ಮುರಕಲ್ಲಿನ ನೆಲ, ಉಪ್ಪುಗಾಳಿ ಎರಡೂ ಸೇರುವುದರಿಂದ ಬೋಲ್ಟು ತುಕ್ಕು ಹಿಡಿಯುವುದು ಬೇಗ. ಸಿಡಿಲಿನ ಕಾಟಕ್ಕೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಬೇಕು. ಎಲ್ಲಿಯೇ ಆದರೂ ಅಳತೆ ಏಪ್ರಿಲ್‌ನಲ್ಲಿ ಆಗಲಿ. ಆಗಸ್ಟಿನ ಒದ್ದೆ ಮಣ್ಣು ಎಲ್ಲರನ್ನೂ ಪಾಸು ಮಾಡುತ್ತದೆ.

ಉಳಿದ ಎರಡು ಪರೀಕ್ಷೆಗಳು ಬೇಗ ಮುಗಿಯುತ್ತವೆ. ಮೆಗ್ಗರ್ (ವೈರಿನ ಹೊದಿಕೆಯ, ಅಂದರೆ ಇನ್ಸುಲೇಷನ್ನಿನ ತಡೆ ಅಳೆಯುವ ಯಂತ್ರ): ಸಾಮಾನುಗಳನ್ನೆಲ್ಲ ಬಿಚ್ಚಿ, 500 ವೋಲ್ಟ್ ಡಿಸಿಯಲ್ಲಿ ಫೇಸ್, ನ್ಯೂಟ್ರಲ್‌ಗಳಿಂದ ಅರ್ಥಿಗೆ ಕನಿಷ್ಠ 1 ಮೆಗಾಓಮ್. ಹೊಸ ವೈರಿಂಗ್‌ನಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬರಬೇಕು. ಒಂದರ ಹತ್ತಿರವೇ ತೂಗಾಡಿದರೆ ಪೈಪಿನೊಳಗೆ ನೀರಿದೆ ಅಥವಾ ಎಳೆಯುವಾಗ ಸಿಪ್ಪೆ ಸುಲಿದಿದೆ. ಆರ್‌ಸಿಸಿಬಿ ಟೆಸ್ಟರ್: 15 ಮಿಲಿಆಂಪಿಯರಿಗೆ ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡಿನೊಳಗೆ, 150ಕ್ಕೆ 40ರೊಳಗೆ ಬೀಳಬೇಕು. ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಒಳಗಿನ ಯಂತ್ರ ಅಂಟಿಕೊಂಡಿಲ್ಲ ಎಂದಷ್ಟೇ ತಿಳಿಯುತ್ತದೆ.

ಆರ್‌ಸಿಸಿಬಿ ಹಾಕಿದ ಮರುದಿನದಿಂದ ಪದೇ ಪದೇ ಬೀಳುತ್ತಿದೆ ಎಂಬುದು ಅತಿ ಸಾಮಾನ್ಯ ದೂರು. ನಮ್ಮ ಮನೆಗಳಲ್ಲಿ ಮೊದಲ ಅನುಮಾನ ಯುಪಿಎಸ್ ಮೇಲೆಯೇ ಇರಲಿ. ಯುಪಿಎಸ್ ಲೈನಿನ ದೀಪಗಳಿಗೆ ಫೇಸ್ ಒಂದು ದಾರಿಯಿಂದ ಹೋಗಿ, ನ್ಯೂಟ್ರಲ್ ಮಾತ್ರ ಯಾವುದೋ ಸ್ವಿಚ್‌ಬೋರ್ಡಿನಲ್ಲಿ ಮೇನ್ ನ್ಯೂಟ್ರಲ್‌ಗೆ ಸೇರಿಕೊಂಡಿರುತ್ತದೆ. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರಲಿಲ್ಲವೆಂದು ಆರ್‌ಸಿಸಿಬಿ ಬೀಳುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಬೋರ್ಡುಗಳನ್ನು ಒಂದೊಂದಾಗಿ ಬಿಚ್ಚಿ ನ್ಯೂಟ್ರಲ್ ಬೇರ್ಪಡಿಸುವುದು ತಾಳ್ಮೆಯ ಕೆಲಸ. ಬಲ್ಲ ಗುತ್ತಿಗೆದಾರರು ಅದನ್ನು ಮಾಡುತ್ತಾರೆ. ಉಳಿದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಗೀಸರಿನ ಹಳೆಯ ಎಲಿಮೆಂಟು, ಹೊರಗೋಡೆಯ ಗೇಟ್ ಲೈಟು ಆಮೇಲಿನ ಅನುಮಾನಿತರು.

ಅಂಗಡಿ, ಹೋಟೆಲುಗಳ ಕೆಲಸದಲ್ಲಿ ಲೈಸೆನ್ಸ್ ಇಲ್ಲದವರನ್ನು ಕರೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಒಂದು ದರ್ಶಿನಿಯ ಅಡುಗೆಮನೆಯನ್ನೇ ತೆಗೆದುಕೊಳ್ಳಿ: ಸದಾ ಒದ್ದೆ ನೆಲ, ಸ್ಟೀಲ್ ಮೈಯ ಗ್ರೈಂಡರ್, ಬರಿಗಾಲಿನ ಕೆಲಸಗಾರರು. ಗ್ರೈಂಡರ್, ಮಿಕ್ಸಿ ಲೈನಿಗೆ 30 ಮಿಲಿಆಂಪಿಯರ್ ಬೇಕೇ ಬೇಕು. ಆದರೆ ಇಡೀ ಹೋಟೆಲಿಗೆ ಒಂದೇ ಆರ್‌ಸಿಸಿಬಿ ಹಾಕಿದರೆ ರಾತ್ರಿ ಗ್ರೈಂಡರಿನ ಲೀಕೇಜಿಗೆ ಫ್ರೀಜರ್ ಆರಿ, ಬೆಳಗ್ಗೆ ಹಾಲು ಒಡೆದಿರುತ್ತದೆ. ಆ ಸಿಟ್ಟಿಗೆ ಮಾಲೀಕರು ಆರ್‌ಸಿಸಿಬಿ ತೆಗೆಸುತ್ತಾರೆ. ಫ್ರೀಜರಿಗೆ ಅದರದೇ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಒಂದರಲ್ಲೇ ಮಾಡುವುದು) ಕೊಟ್ಟರೆ ಈ ಜಗಳವೇ ಇಲ್ಲ. ಎಸ್ಟಿಮೇಟಿನಲ್ಲಿ ಇದನ್ನು ತಾವಾಗಿಯೇ ಬರೆದವರು ಅಡುಗೆಮನೆ ನೋಡಿದವರು ಎಂದರ್ಥ.

ತ್ರೀ ಫೇಸ್ ಇದ್ದಲ್ಲಿ ಮೂರು ಫೇಸಿಗೂ ಲೋಡ್ ಹಂಚಿದ್ದಾರೆಯೇ ಎಂದು ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿಸಿ ನೋಡಿ. ನ್ಯೂಟ್ರಲ್ ಜೋಡಣೆ ಕಳಚಿದರೆ ಕಡಿಮೆ ಲೋಡಿನ ಫೇಸಿಗೆ 230ರ ಬದಲು 400ರ ಹತ್ತಿರ ಏರಬಹುದು. ಬಿಲ್ಲಿಂಗ್ ಕಂಪ್ಯೂಟರ್, ಸಿಸಿ ಕ್ಯಾಮೆರಾ, ಫ್ರಿಜ್ ಒಟ್ಟಿಗೇ ಸುಡುವುದು ಹೀಗೆ. ನ್ಯೂಟ್ರಲ್ ದಾರಿಯಲ್ಲಿ ಫ್ಯೂಸ್ ಇರಲೇಬಾರದು, ತುದಿಗೆ ಲಗ್ ಎಂಬ ಲೋಹದ ಟೋಪಿ ಹಾಕಿ ಒತ್ತಿರಬೇಕು. ಗಿರಣಿಯ ಮೋಟರಿಗೆ, ಒಂದು ಫೇಸ್ ಹೋದರೆ ಅದನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದ ಎಸ್ಟಿಮೇಟನ್ನು ವಾಪಸ್ ಕೊಡಿ.

ಮನೆಯ ಕನೆಕ್ಷನ್‌ನಲ್ಲೇ ಅಂಗಡಿ ನಡೆಸಬಹುದು ಎನ್ನುವವರೂ ಇದ್ದಾರೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಅದನ್ನು ಅನಧಿಕೃತ ಬಳಕೆ ಎನ್ನುತ್ತದೆ, ದರ ಎರಡು ಪಟ್ಟು ಬೀಳುತ್ತದೆ. ಮೀಟರಿನ ಸೀಲನ್ನು ಯಾವ ಗುತ್ತಿಗೆದಾರರೂ ಮುಟ್ಟುವ ಹಾಗಿಲ್ಲ. ಕಂಬದಿಂದ ಮೀಟರಿನವರೆಗಿನ ತೊಂದರೆಗೆ 1912ಕ್ಕೆ ಫೋನ್ ಮಾಡಿ. ಅದಕ್ಕೆ ಖಾಸಗಿಯವರಿಗೆ ದುಡ್ಡು ಕೊಡಬೇಕಿಲ್ಲ.

ಸೇವೆಯ ಕೊರತೆಗಳೂ ಕಡಿಮೆಯಿಲ್ಲ. ಸಣ್ಣ ಕೆಲಸಕ್ಕೆ ಬರುವುದಿಲ್ಲ. ಎಸ್ಟಿಮೇಟ್ 'ಒಟ್ಟು ಇಷ್ಟು' ಎಂದು ಒಂದೇ ಸಾಲಿನಲ್ಲಿ ಬರುತ್ತದೆ. ಪಾಯಿಂಟ್ ಲೆಕ್ಕವೋ ಚದರಡಿ ಲೆಕ್ಕವೋ, ಟೂ ವೇ ಸ್ವಿಚ್ ಒಂದು ಪಾಯಿಂಟೋ ಎರಡೋ, ಗೋಡೆ ಕಡಿದ ಮೇಲೆ ಮುಚ್ಚುವವರು ಯಾರು, ಬೆಸ್ಕಾಂ ಶುಲ್ಕ ಸೇರಿದೆಯೇ, ಇವನ್ನು ಬರೆಸಿಕೊಳ್ಳದಿದ್ದರೆ ಕೊನೆಗೆ ಮಾತಿಗೆ ಮಾತು. ಬೆಸ್ಕಾಂನಲ್ಲಿ 'ಓಡಾಟದ ಖರ್ಚು' ಎಂದು ಕೇಳಿದರೆ ಯಾವ ಶುಲ್ಕ, ಯಾವ ರಸೀದಿ ಎಂದು ಕೇಳಿ. ಹಣವನ್ನು ಪೈಪ್, ವೈರ್, ಫಿಟ್ಟಿಂಗ್ ಎಂದು ಹಂತ ಮಾಡಿ, ಐದರಲ್ಲೊಂದು ಭಾಗ ಟೆಸ್ಟ್ ರಿಪೋರ್ಟ್ ಕೈಗೆ ಬರುವವರೆಗೆ ಉಳಿಸಿಕೊಳ್ಳಿ. ಪ್ಲಾಸ್ಟರಿಂಗ್‌ಗೆ ಮೊದಲು ಪೈಪಿನ ದಾರಿಯ ಫೋಟೊ ತೆಗೆದಿಡಿ, ಮುಂದೆ ಟಿವಿ ಸ್ಟ್ಯಾಂಡಿಗೆ ಡ್ರಿಲ್ ಹಾಕುವ ದಿನ ಬೇಕಾಗುತ್ತದೆ. ಲೈನ್ ಡಯಾಗ್ರಾಮಿನ ಒಂದು ಪ್ರತಿಯನ್ನು ಡಿಬಿ ಬಾಗಿಲ ಒಳಗೆ ಅಂಟಿಸಿ, ಯಾವ ಎಂಸಿಬಿ ಯಾವ ಕೋಣೆಯದು ಎಂದು ಕನ್ನಡದಲ್ಲೇ ಬರೆಸಿ.