12 ಸಾವಿರದ ಬೇರ್‌ಫುಟ್ ಶೂ ಕೊಳ್ಳುವ ಮೊದಲು ಇದನ್ನು ಓದಿ

ಮಿನಿಮಲಿಸ್ಟ್ ಅಥವಾ ಬೇರ್‌ಫುಟ್ ಶೂ, ಅಂದರೆ ಬರಿಗಾಲಲ್ಲಿ ನಡೆದ ಹಾಗೆ ಅನ್ನಿಸುವ ತೆಳು ಸೋಲ್‌ನ ಶೂ ತಗೋಬೇಕು ಅಂತಿದ್ದರೆ, ದಯವಿಟ್ಟು ಅಂಗಡಿಯವರ ಮಾತೊಂದನ್ನೇ ನಂಬಿ ದುಡ್ಡು ಕೊಡಬೇಡಿ. ನನ್ನ ಬಲಗಾಲಿನ ಮೂಳೆ ಬಿರುಕು ಬಿಡುವ ಹಂತಕ್ಕೆ ಬಂದಿತ್ತು.

ಕೊಂಡದ್ದು ಬೆಂಗಳೂರಿನ ಒಂದು ಅಂಗಡಿಯಲ್ಲಿ. ಬೆಲೆ 12,000 ರೂಪಾಯಿ. ಸೋಲ್ 5 ಮಿಲಿಮೀಟರ್ ಕೂಡ ಇಲ್ಲ. ಹಿಮ್ಮಡಿ, ಮುಂಗಾಲು ಎರಡೂ ಒಂದೇ ಮಟ್ಟ. "ಮಂಡಿ ನೋವು ಹೋಗುತ್ತೆ, ಪಾದ ಗಟ್ಟಿಯಾಗುತ್ತೆ, ನಾಳೆಯಿಂದಲೇ ಓಡಿ ಸರ್" ಅಂದರು. ನಿಧಾನಕ್ಕೆ ಒಗ್ಗಿಸಿಕೊಳ್ಳಿ ಅಂತ ಒಬ್ಬರೂ ಹೇಳಲಿಲ್ಲ. ಬರಿಗಾಲಲ್ಲಿ ಓಡಿ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಕಥೆ ಮಾತ್ರ ಹೇಳಿದರು. ಕಥೆ ನಿಜವೇ. ಆದರೆ ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು. ರೋಮ್‌ಗಿಂತ 3 ನಿಮಿಷ ಬೇಗ. ಅದನ್ನು ಯಾಕೆ ಹೇಳಲ್ಲ?

ಮೊದಲು ಶುರುವಾಗಿದ್ದು ಮೀನಖಂಡದ ಬಿಗಿತ. ಮಾಮೂಲಿ ರನ್ನಿಂಗ್ ಶೂನಲ್ಲಿ ಹಿಮ್ಮಡಿ ಸುಮಾರು 10 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ವರ್ಷಗಟ್ಟಲೆ ಅದಕ್ಕೇ ಒಗ್ಗಿದ ಕಾಲು ಒಮ್ಮೆಲೇ ಕೆಳಗಿಳಿದರೆ ಮೀನಖಂಡ ಜಾಸ್ತಿ ಎಳೆಯುತ್ತದೆ. ಓಡುವಾಗ ಭಾರವೂ ಹಿಮ್ಮಡಿ ಬಿಟ್ಟು ಮುಂಗಾಲಿಗೆ ಬೀಳುತ್ತದೆ. ಅಲ್ಲಿ ಇರುವುದು ಸಣ್ಣ ಸಣ್ಣ ಮೂಳೆಗಳು.

ಆಮೇಲೆ ಪಾದದ ಮೇಲೆ, ಎರಡನೇ ಬೆರಳಿನ ಹಿಂದೆ ಒಂದು ನೋವು ಬಂತು. ಹೆಬ್ಬೆರಳಿಂದ ಒತ್ತಿದರೆ ಬಟಾಣಿ ಕಾಳಿನಷ್ಟು ಜಾಗದಲ್ಲಿ ಮಾತ್ರ ಚಳುಕು, ಪಕ್ಕದಲ್ಲಿ ಏನೂ ಇಲ್ಲ. ಬೆಳಿಗ್ಗೆ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗಿತ್ತು. ಎಕ್ಸ್‌ರೇಯಲ್ಲಿ ಎಲ್ಲ ಸರಿ ಇತ್ತು. ಇಂಥ ಪೆಟ್ಟು ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದು ಕಡಿಮೆ, ನೆನಪಿಡಿ. ಎಂಆರ್‌ಐ ಮಾಡಿಸಿದಾಗ ಮೂಳೆಯೊಳಗೆ ಊತ ಕಂಡಿತು. ಓಟ ನಿಲ್ಲಿಸದಿದ್ದರೆ ಬಿರುಕು ಗ್ಯಾರಂಟಿ ಅಂದರು ಡಾಕ್ಟರ್.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅನುಭವ ಇದ್ದ ಓಟಗಾರರು 10 ವಾರದಲ್ಲಿ, ಹಂತಹಂತವಾಗಿ ಇಂಥ ಶೂಗೆ ಬದಲಾದರು. 19 ಜನರಲ್ಲಿ 10 ಮಂದಿಯ ಪಾದದ ಮೂಳೆಯಲ್ಲಿ ಊತ ಜಾಸ್ತಿಯಾಗಿತ್ತು. ನಿಧಾನಕ್ಕೆ ಹೋದವರಿಗೇ ಹೀಗೆ. ನಾಳೆಯಿಂದಲೇ ಓಡಿ ಅಂದರೆ ಏನಾಗಬೇಡ! ಐದು ಬೆರಳಿನ ಶೂ ಮಾಡುವ ವೈಬ್ರಮ್ ಕಂಪನಿ (ನಾನು ಕೊಂಡದ್ದು ಅವರದ್ದಲ್ಲ) ಆರೋಗ್ಯದ ಲಾಭಗಳ ಬಗ್ಗೆ ಆಧಾರವಿಲ್ಲದೆ ಹೇಳಿಕೊಂಡಿತು ಅಂತ ಅಮೆರಿಕದಲ್ಲಿ ಕೇಸ್ ಬಿತ್ತು. ತಪ್ಪು ಒಪ್ಪಿಕೊಳ್ಳದೆಯೇ 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದೇ ಥರದ ಮಾತು ಇಲ್ಲಿ ಇವತ್ತಿಗೂ ನಡೆಯುತ್ತಿದೆ.

ನನಗೆ ತೀರಾ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಅಮ್ಮನಿಗೂ ಒಂದು ಜೊತೆ ತಗೊಳ್ಳಿ ಅಂತ ಅದೇ ಅಂಗಡಿಯವರು ಒತ್ತಾಯ ಮಾಡಿದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದಿದೆ ಅಂತ ಹೇಳಿದ ಮೇಲೂ "ಅವರಿಗೇ ಒಳ್ಳೇದು, ಸ್ಪರ್ಶ ವಾಪಸ್ ಬರುತ್ತೆ" ಅಂದರು. ಇದು ಎಂಥ ಅಪಾಯದ ಮಾತು ಗೊತ್ತಾ? ಸ್ಪರ್ಶ ಹೋದ ಪಾದಕ್ಕೆ ಜಲ್ಲಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿಲಿಗೆ ಕಾದ ಡಾಂಬರು ಸುಟ್ಟರೂ ಗೊತ್ತಾಗುವುದಿಲ್ಲ. ಗಾಯ ಹುಣ್ಣಾಗಿ ಬೆರಳು ಕಳೆದುಕೊಂಡವರಿದ್ದಾರೆ. ಅಂಥವರಿಗೆ ಡಾಕ್ಟರು ಬರೆದುಕೊಡುವುದು ಮೆತ್ತನೆಯ ಎಂಸಿಆರ್ (ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ರಬ್ಬರಿನ) ಚಪ್ಪಲಿ. ಬೆಲೆ ಈ ಶೂಗೆ ಹೋಲಿಸಿದರೆ ಏನೇನೂ ಅಲ್ಲ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ತೆಳು ಸೋಲ್ ಕೊಡಿಸಲೇಬೇಡಿ.

ಇನ್ನು ಬೆಲೆ. ಬೆರಳಿಗೆ ಅಗಲ ಜಾಗ ಇರುವುದು ನಿಜಕ್ಕೂ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ 12 ಸಾವಿರ ಬೇಕಿಲ್ಲ. ಯಾವ ಶೂ ಆದರೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ನಿಂತು ನೋಡಿ. ಬೆರಳು ಅಂಚು ದಾಟಿದರೆ ಅದು ನಿಮ್ಮ ಕಾಲಿನದ್ದಲ್ಲ. ನನ್ನ ಶೂನ ರಬ್ಬರು ಹೆಬ್ಬೆರಳಿನ ಬುಡದಲ್ಲಿ ಸವೆದು ಒಳಗಿನ ಬಟ್ಟೆ ಕಾಣುತ್ತಿದೆ, ಪಕ್ಕದ ಅಂಟೂ ಬಿಟ್ಟಿದೆ. ಮಳೆಗಾಲವನ್ನೂ ಕಂಡಿಲ್ಲ ಅದು. ಆದರೂ ತಗೊಳ್ಳಲೇಬೇಕು ಅನ್ನುವವರು ಮೊದಲು ಮನೆಯೊಳಗೆ ಸುಮ್ನೆ ನಡೆಯಲು ಬಳಸಿ. ಓಡುವುದು ತಿಂಗಳುಗಳ ಮೇಲಿನ ಮಾತು.

ಅಂಟು ಬಿಟ್ಟಿದ್ದಕ್ಕೆ ಅಂಗಡಿಯವರು "ಬಳಸಿದರೆ ಸವೆಯುತ್ತೆ, ವಾರಂಟಿ ಬರಲ್ಲ" ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ಹೀಗಾಗಿದ್ದರೆ ನೀವೂ ಕೊಡಿ. ಬಿಲ್, ಶೂ ಫೋಟೋ, ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಮಾತುಗಳು, ಯಾವುದನ್ನೂ ಅಳಿಸಬೇಡಿ.